ಬದಲಿಗೆ ಏನೂ ಕೊಡಲಾಗದ ಹಕ್ಕು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸಂವಿಧಾನ ಜಾರಿಗೆ ಬಂದದ್ದು 1784ರಲ್ಲಿ. ಅಮೆರಿಕ ಒಕ್ಕೂಟದ ಸಂವಿಧಾನಕ್ಕಿಂತ ಅದು ಹಳೆಯದು. ಅದರ ಹಕ್ಕುಗಳ ಭಾಗದಲ್ಲಿ ಅಕ್ಕಪಕ್ಕ ಕೂತ ಎರಡು ವಿಧಿಗಳಿವೆ. ಮನುಷ್ಯರು ಸಮಾಜವಾಗಿ ಕೂಡಿ ಬಾಳಲು ಒಪ್ಪಿದಾಗ ತಮ್ಮ ಸಹಜ ಹಕ್ಕುಗಳಲ್ಲಿ ಕೆಲವನ್ನು ಬಿಟ್ಟುಕೊಟ್ಟು, ಪ್ರತಿಯಾಗಿ ಉಳಿದವಕ್ಕೆ ರಕ್ಷಣೆ ಪಡೆಯುತ್ತಾರೆ. ಆ ಪ್ರತಿಫಲ ಸಿಗದಿದ್ದರೆ ಬಿಟ್ಟುಕೊಟ್ಟದ್ದು ಅಸಿಂಧು ಎನ್ನುತ್ತದೆ ಮೂರನೆಯ ವಿಧಿ. ನಾಲ್ಕನೆಯದು ಇನ್ನೂ ಮುಂದೆ ಹೋಗುತ್ತದೆ: ಕೆಲವು ಹಕ್ಕುಗಳನ್ನು ಬಿಟ್ಟುಕೊಡುವುದೇ ಅಸಾಧ್ಯ, ಏಕೆಂದರೆ ಅವಕ್ಕೆ ಸರಿಸಮನಾದದ್ದನ್ನು ಕೊಡಲೂ ಆಗದು, ಪಡೆಯಲೂ ಆಗದು. ಅಂತಃಸಾಕ್ಷಿಯ ಹಕ್ಕು ಅಂಥದ್ದು.

ಡಿಜಿಟಲ್ ಕಾಲದ ಖಾಸಗಿತನದ ಪ್ರಶ್ನೆ ಈ ಎರಡು ವಿಧಿಗಳ ನಡುವೆ ನಿಂತಿದೆ. ಒಬ್ಬ ವ್ಯಕ್ತಿ ಎಲ್ಲಿಗೆ ಹೋದ, ಏನು ಓದಿದ, ಯಾರೊಡನೆ ಮಾತಾಡಿದ ಎಂಬುದನ್ನು ಪರರ ಕಣ್ಣಿನಿಂದ ಮರೆಯಲ್ಲಿಟ್ಟುಕೊಳ್ಳುವ ಹಕ್ಕನ್ನು ಸುರಕ್ಷತೆಗೋ ಅನುಕೂಲಕ್ಕೋ ಬದಲಾಯಿಸಿಕೊಳ್ಳಬಹುದೇ? ಅಥವಾ ಅದು ಅಂತಃಸಾಕ್ಷಿಯ ಸಾಲಿನದೇ?

ಸೀಮಿತ ಪ್ರಭುತ್ವದ ವಿಚಾರ ತೆರಿಗೆಯ ಜಗಳದಿಂದಷ್ಟೇ ಬೆಳೆಯಲಿಲ್ಲ. ಅದಕ್ಕೆ ಧರ್ಮದ ಜಗಳದ ಬೇರೂ ಇದೆ. ಸಹಿಷ್ಣುತೆಯನ್ನು ಕುರಿತು 1689ರಲ್ಲಿ ಪ್ರಕಟವಾದ ಪತ್ರದಲ್ಲಿ ಜಾನ್ ಲಾಕ್ ಹೂಡಿದ ವಾದ ನೇರವಾದದ್ದು. ದೊರೆಯ ಕೈಯಲ್ಲಿರುವುದು ಬಲ. ನಂಬಿಕೆ ಹುಟ್ಟುವುದು ಒಳಗಿನ ಮನವರಿಕೆಯಿಂದ. ಬಲ ಎಷ್ಟೇ ಇದ್ದರೂ ಅದು ಮನವರಿಕೆಯನ್ನು ಹುಟ್ಟಿಸಲಾರದು. ತನ್ನ ಪರವಾಗಿ ನಂಬುವ ಕೆಲಸವನ್ನು ಯಾರೂ ಇನ್ನೊಬ್ಬರಿಗೆ ವಹಿಸಲಾರರು; ಹಾಗಾಗಿ ಆ ಅಧಿಕಾರ ದೊರೆಗೆ ಬರುವುದೇ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನ ನಾಲ್ಕನೆಯ ವಿಧಿಯಲ್ಲಿ ಕೇಳುವುದು ಇದೇ ದನಿ. ಆಡಿದ್ದಕ್ಕೂ ನಡೆದದ್ದಕ್ಕೂ ಅಂತರ ಇತ್ತೆಂಬುದನ್ನೂ ಹೇಳಬೇಕು: ಲಾಕ್ ನಾಸ್ತಿಕರನ್ನು ಸಹಿಷ್ಣುತೆಯ ಹೊರಗಿಟ್ಟಿದ್ದ, ನ್ಯೂ ಹ್ಯಾಂಪ್‌ಶೈರ್ ಕೂಡ ಶಾಸಕರೂ ಗವರ್ನರೂ ಪ್ರಾಟೆಸ್ಟಂಟರೇ ಆಗಿರಬೇಕೆಂಬ ನಿಯಮವನ್ನು 1877ರ ತನಕ ಬಿಡಲಿಲ್ಲ.

ಈ ಪರಂಪರೆಯನ್ನು ಇಂದು ಅತಿ ಕಟ್ಟುನಿಟ್ಟಾಗಿ ಹಿಡಿದವರು ಲಿಬರ್ಟೇರಿಯನ್ನರು. ರಾಬರ್ಟ್ ನೋಜಿಕ್ 1974ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಪ್ರಭುತ್ವ ರಾತ್ರಿ ಕಾವಲುಗಾರನಷ್ಟೇ ಇರಬೇಕೆಂದು ವಾದಿಸಿದ. ಹಲ್ಲೆ, ಕಳವು, ವಂಚನೆಗಳನ್ನು ತಡೆಯುವುದು, ಒಪ್ಪಂದಗಳನ್ನು ಎತ್ತಿಹಿಡಿಯುವುದು ಅದರ ಕೆಲಸ. ಅದನ್ನು ಮೀರಿದರೆ ಅದು ಯಾರದೋ ಹಕ್ಕನ್ನು ತುಳಿಯುತ್ತದೆ. ಈ ಪಂಥದ 20,000 ಜನರನ್ನು ಒಂದೇ ಸಣ್ಣ ರಾಜ್ಯಕ್ಕೆ ವಲಸೆ ಕರೆತರುವ ‘ಫ್ರೀ ಸ್ಟೇಟ್ ಪ್ರಾಜೆಕ್ಟ್’ 2001ರಲ್ಲಿ ಶುರುವಾಯಿತು. 2003ರಲ್ಲಿ ಅದರ ಸದಸ್ಯರು ಮತ ಹಾಕಿ ಆರಿಸಿದ್ದು ನ್ಯೂ ಹ್ಯಾಂಪ್‌ಶೈರನ್ನು. ಆಯ್ಕೆಗೆ ಕಾರಣಗಳಿದ್ದವು. ಸುಮಾರು 13.8 ಲಕ್ಷ ಜನಸಂಖ್ಯೆಯ ಈ ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರಿದ್ದಾರೆ, ಅಂದರೆ ಸುಮಾರು 3,400 ಜನರಿಗೆ ಒಬ್ಬ ಪ್ರತಿನಿಧಿ. ಅವರ ಸಂಬಳ ವರ್ಷಕ್ಕೆ 100 ಡಾಲರ್. ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ, ಸಾಮಾನ್ಯ ಮಾರಾಟ ತೆರಿಗೆಯಿಲ್ಲ. ಅನೇಕ ಊರುಗಳಲ್ಲಿ ಇಂದಿಗೂ ಮಾರ್ಚ್ ತಿಂಗಳಲ್ಲಿ ಊರ ಸಭೆ ಸೇರಿ ಖರ್ಚುವೆಚ್ಚಕ್ಕೆ ಜನರೇ ಮತ ಹಾಕುತ್ತಾರೆ. ಇಂಥಲ್ಲಿ ಆಳುವವರ ಮನೆಯ ಬಾಗಿಲು ತಟ್ಟುವುದು ಕಷ್ಟವಲ್ಲ.

ಇಲ್ಲಿನ ಖಾಸಗಿತನದ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವ ವಸ್ತು ಕಾರಿನ ನಂಬರ್ ಪ್ಲೇಟು. ‘ಬದುಕಿದರೆ ಸ್ವತಂತ್ರವಾಗಿ, ಇಲ್ಲವೇ ಸಾವು’ ಎಂಬರ್ಥದ ರಾಜ್ಯದ ಧ್ಯೇಯವಾಕ್ಯ ಸಾಮಾನ್ಯ ಕಾರುಗಳ ಪ್ಲೇಟಿನ ಮೇಲೆ ಅಚ್ಚಾಗಿರುತ್ತದೆ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಜಾರ್ಜ್ ಮೇನಾರ್ಡ್‌ಗೆ ಆ ಮಾತು ತನ್ನ ಧರ್ಮಕ್ಕೆ ಒಗ್ಗದ್ದೆನಿಸಿತು. ದೇವರ ರಾಜ್ಯದಲ್ಲಿ ನಿತ್ಯಜೀವನವಿದೆಯೆಂದು ನಂಬಿದವನು ಒಂದು ಸರ್ಕಾರಕ್ಕಾಗಿ ಪ್ರಾಣ ಕೊಡುವೆನೆಂಬ ಘೋಷಣೆಯನ್ನು ಹೊತ್ತು ತಿರುಗುವುದು ಹೇಗೆ? ಆತ ಅದನ್ನು ಮುಚ್ಚಿದ. 1974ರ ಕೊನೆಯಲ್ಲಿ ಲೆಬನಾನ್ ಎಂಬ ಊರಿನ ನ್ಯಾಯಾಲಯ ದಂಡ ಹಾಕಿತು. ಕಟ್ಟಲೊಪ್ಪದೆ ಆತ 15 ದಿನ ಜೈಲಿನಲ್ಲಿದ್ದ. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆತನ ಪರ ತೀರ್ಪು ಕೊಟ್ಟಿತು. ಮಾತಾಡುವ ಹಕ್ಕಿನೊಳಗೆ ಮಾತಾಡದಿರುವ ಹಕ್ಕೂ ಅಡಗಿದೆ ಎಂಬುದು ಅದರ ಸಾರ. ಮೌನದ ಈ ಹಕ್ಕಿಗೂ ಖಾಸಗಿತನಕ್ಕೂ ತೀರ ಹತ್ತಿರದ ನಂಟಿದೆ: ಎರಡರಲ್ಲೂ ಮನುಷ್ಯ ತನ್ನ ಒಳಗಿನದನ್ನು ಯಾವಾಗ, ಯಾರಿಗೆ ತೆರೆಯಬೇಕೆಂದು ತಾನೇ ನಿರ್ಧರಿಸುತ್ತಾನೆ.

ಮುಂದೆ ಅದೇ ಪ್ಲೇಟನ್ನು ಓದಿ ದಾಖಲಿಸುವ ಸ್ವಯಂಚಾಲಿತ ಕ್ಯಾಮೆರಾಗಳು ಬಂದವು. ನ್ಯೂ ಹ್ಯಾಂಪ್‌ಶೈರ್ ಮೊದಲು ಅವಕ್ಕೆ ಅವಕಾಶವನ್ನೇ ಕೊಡಲಿಲ್ಲ. 2016ರಲ್ಲಿ ಪೊಲೀಸರಿಗೆ ಅನುಮತಿ ಸಿಕ್ಕಿತಾದರೂ ಒಂದು ಷರತ್ತು ಅಂಟಿಕೊಂಡಿತ್ತು: ಹುಡುಕುತ್ತಿರುವ ವಾಹನವಲ್ಲದಿದ್ದರೆ ದಾಖಲೆ 3 ನಿಮಿಷದೊಳಗೆ ಅಳಿಯಬೇಕು. ಕಳ್ಳನ ಕಾರು ಸಿಕ್ಕುತ್ತದೆ, ಉಳಿದವರ ಓಡಾಟ ಯಾರ ಕಡತಕ್ಕೂ ಸೇರುವುದಿಲ್ಲ. ಖಾಸಗಿತನ ಕಾಪಾಡಿದರೆ ಪೊಲೀಸರ ಕೈ ಕಟ್ಟಿದಂತೆ ಎನ್ನುವವರು ಈ ಮೂರು ನಿಮಿಷದ ನಿಯಮವನ್ನು ನೋಡಬೇಕು.

ತತ್ವಶಾಸ್ತ್ರದಲ್ಲಿ ಈ ಪ್ಲೇಟು ಒಂದು ಗಂಟನ್ನು ತಂದಿಡುತ್ತದೆ. ಜುಡಿತ್ ಜಾರ್ವಿಸ್ ಥಾಮ್ಸನ್ 1975ರ ತನ್ನ ಪ್ರಬಂಧದಲ್ಲಿ ಖಾಸಗಿತನ ಎಂಬ ಪ್ರತ್ಯೇಕ ಹಕ್ಕೇ ಬೇಕಿಲ್ಲ ಎಂದು ವಾದಿಸಿದಳು. ಒಬ್ಬನ ತಿಜೋರಿಯಲ್ಲಿರುವ ಚಿತ್ರವನ್ನು ಯಂತ್ರದ ಕಣ್ಣಿನಿಂದ ಗೋಡೆಯಾಚೆ ನಿಂತು ನೋಡಿದರೆ ತಪ್ಪಾಗುವುದು ಆ ಚಿತ್ರ ಅವನ ಆಸ್ತಿಯಾದ್ದರಿಂದ. ಹಾಗೆಯೇ ಪ್ರತಿಯೊಂದು ಉಲ್ಲಂಘನೆಯನ್ನೂ ಆಸ್ತಿಯ ಇಲ್ಲವೇ ದೇಹದ ಹಕ್ಕಿಗೆ ಇಳಿಸಿ ವಿವರಿಸಬಹುದು. ತನ್ನ ಮೇಲೆ ತನ್ನ ಒಡೆತನದಿಂದಲೇ ಎಲ್ಲ ಹಕ್ಕುಗಳನ್ನೂ ಹೊರಡಿಸುವ ಲಿಬರ್ಟೇರಿಯನ್ನರಿಗೆ ಈ ದಾರಿ ಹಿಡಿಸುವಂಥದ್ದು. ಆದರೆ ನಂಬರ್ ಪ್ಲೇಟು ಬೀದಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿದವನು ಬೇಲಿ ಹಾರಿಲ್ಲ, ಏನನ್ನೂ ಕದ್ದಿಲ್ಲ. ಒಂದೊಂದು ನೋಟವೂ ನಿರಪರಾಧಿ. ಆದರೆ ಸಾವಿರ ನೋಟಗಳನ್ನು ಒಂದೆಡೆ ಕೂಡಿಸಿದರೆ ಒಬ್ಬನ ಚರ್ಚು, ಅವನ ವೈದ್ಯ, ಅವನ ಸ್ನೇಹಿತೆ, ಅವನ ಪಕ್ಷ ಎಲ್ಲವೂ ಹೊರಬೀಳುತ್ತವೆ. ಅಮೆರಿಕದ ಸುಪ್ರೀಂ ಕೋರ್ಟು 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಒಪ್ಪಿದ್ದೂ ಇದನ್ನೇ. 127 ದಿನಗಳ ಮೊಬೈಲ್ ಟವರ್ ದಾಖಲೆಗಳನ್ನು ಕಂಪನಿಯಿಂದ ಪಡೆಯಲು ಪೊಲೀಸರಿಗೆ ವಾರಂಟ್ ಬೇಕಿತ್ತೆಂದು ಅದು 5–4ರ ಬಹುಮತದಿಂದ ಹೇಳಿತು. ಬರೀ ಆಸ್ತಿಯ ಅಳತೆಗೋಲು ಹಿಡಿದರೆ ಇಂಥ ಹಾನಿ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೆ ಅಂತಃಸಾಕ್ಷಿಯ ಅಳತೆಗೋಲೇ ಬೇಕು.

ಏಕೆಂಬುದು ಗ್ರಂಥಾಲಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಮೇನಾರ್ಡ್‌ಗೆ ದಂಡ ಹಾಕಿದ ಅದೇ ಲೆಬನಾನ್‌ನಲ್ಲಿ ಕಿಲ್ಟನ್ ಎಂಬ ಸಾರ್ವಜನಿಕ ಗ್ರಂಥಾಲಯವಿದೆ. 2015ರಲ್ಲಿ ಅದು ಟಾರ್ ಜಾಲದ ಒಂದು ರಿಲೇಯನ್ನು ತನ್ನ ಕಂಪ್ಯೂಟರಿನಲ್ಲಿ ನಡೆಸತೊಡಗಿತು. ಅಂತರಜಾಲದಲ್ಲಿ ಯಾರು ಏನನ್ನು ಓದುತ್ತಿದ್ದಾರೆಂಬುದು ಗೊತ್ತಾಗದಂತೆ ಸಂದೇಶವನ್ನು ರಿಲೇ ಎನ್ನುವ ಹಲವು ಕಂಪ್ಯೂಟರುಗಳ ಮೂಲಕ ಗೂಢಲಿಪಿಯಲ್ಲಿ ಹಾಯಿಸುವ ಜಾಲ ಅದು. ಅದರ ಮೂಲ ತಂತ್ರ ರೂಪುಗೊಂಡದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲೇ. ಕೇಂದ್ರದ ಆಂತರಿಕ ಭದ್ರತಾ ಇಲಾಖೆಯ ಅಧಿಕಾರಿಯೊಬ್ಬರು ಸುದ್ದಿ ಓದಿ ಸ್ಥಳೀಯ ಪೊಲೀಸರಿಗೆ ಎಚ್ಚರಿಕೆ ಮುಟ್ಟಿಸಿದರು, ಪೊಲೀಸರು ಗ್ರಂಥಾಲಯದವರೊಡನೆ ಮಾತಾಡಿದರು, ರಿಲೇ ನಿಂತಿತು. ಯಾವ ಕಾನೂನೂ ಮುರಿದಿರಲಿಲ್ಲ, ಯಾವ ಆದೇಶವೂ ಹೊರಟಿರಲಿಲ್ಲ. ಭಯವೊಂದೇ ಸಾಕಾಗಿತ್ತು. ಸೆಪ್ಟೆಂಬರ್ 15ರ ಸಂಜೆ ಗ್ರಂಥಾಲಯದ ಆಡಳಿತ ಮಂಡಳಿ ಸಭೆ ಸೇರಿದಾಗ ಊರಿನವರು ಬಂದು ರಿಲೇ ಪರವಾಗಿ ಮಾತಾಡಿದರು. ಮಂಡಳಿ ಅದನ್ನು ಮತ್ತೆ ಚಾಲೂ ಮಾಡಿತು.

ನಂಬಿಕೆ ಎಂಬುದು ಸಿದ್ಧವಾಗಿ ಆಕಾಶದಿಂದ ಬೀಳುವುದಿಲ್ಲ. ಓದಿ, ಸಂಶಯಪಟ್ಟು, ತಪ್ಪು ಪುಸ್ತಕ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ ಮನುಷ್ಯ ತನ್ನ ನಿಲುವಿಗೆ ಬರುತ್ತಾನೆ. ಆ ಅಡುಗೆಮನೆಯಲ್ಲೇ ಕಣ್ಣೊಂದು ಕೂತಿದ್ದರೆ ಹುಡುಕಾಟ ಶುರುವಾಗುವ ಮೊದಲೇ ನಿಲ್ಲುತ್ತದೆ. ಓದಿನ, ಓಡಾಟದ, ಒಡನಾಟದ ಗುಟ್ಟನ್ನು ಕಿತ್ತುಕೊಂಡು ಅಂತಃಸಾಕ್ಷಿಯನ್ನು ಮಾತ್ರ ಉಳಿಸಿಕೊಡುತ್ತೇವೆಂಬುದು ಬೇರು ಕಡಿದು ಮರ ಉಳಿಸಿದಂತೆ. ಅಪರಾಧದ ತನಿಖೆಗೆ ಇದರಿಂದ ಅಡ್ಡಿಯಿಲ್ಲ. ಇಂಥವನ ಮೇಲೆ ಇಂಥ ಕಾರಣಕ್ಕೆ ಅನುಮಾನವಿದೆಯೆಂದು ನ್ಯಾಯಾಧೀಶರಿಗೆ ತೋರಿಸಿ ಹುಡುಕುವುದು ಬೇರೆ, ಎಂದೋ ಬೇಕಾದೀತೆಂದು ಊರಿನವರೆಲ್ಲರ ಕಡತ ತೆರೆದಿಡುವುದು ಬೇರೆ.

ವೇರ್ ಎಂಬ ಊರಿನ ಪ್ರತಿನಿಧಿ ನೀಲ್ ಕರ್ಕ್ ಮುಂದಿಟ್ಟ ತಿದ್ದುಪಡಿಯೊಂದನ್ನು 2018ರ ನವೆಂಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮತದಾರರು ಶೇ. 80ಕ್ಕೂ ಹೆಚ್ಚಿನ ಬೆಂಬಲದಿಂದ ಒಪ್ಪಿದರು. ಖಾಸಗಿ ಮಾಹಿತಿಯಲ್ಲಿ ಸರ್ಕಾರದ ಅತಿಕ್ರಮಣವಿಲ್ಲದೆ ಬಾಳುವುದು ಸಹಜವೂ ಮೂಲಭೂತವೂ ಹುಟ್ಟಿನಿಂದ ಬಂದದ್ದೂ ಆದ ಹಕ್ಕೆಂದು ಸಾರುವ ವಿಧಿ ಹೀಗೆ ಸಂವಿಧಾನಕ್ಕೆ ಸೇರಿತು.

ಆದರೂ ಲಿಬರ್ಟೇರಿಯನ್ ವಿಚಾರದೊಳಗೇ ಒಂದು ಬಿರುಕು ಉಳಿಯುತ್ತದೆ. ತನ್ನ ಒಡೆಯ ತಾನೇ ಆದವನು ತನ್ನನ್ನು ಗುಲಾಮನಾಗಿ ಮಾರಿಕೊಳ್ಳಬಹುದೇ? ನೋಜಿಕ್ ಹೌದೆಂದ. ಮರ್ರೆ ರಾಥ್‌ಬಾರ್ಡ್ ಇಲ್ಲವೆಂದ: ಇಚ್ಛಾಶಕ್ತಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲಾಗದು, ಆದ್ದರಿಂದ ಅಂಥ ಕರಾರು ಜಾರಿಯಾಗದು. ಸ್ವಾತಂತ್ರ್ಯ ಬಿಟ್ಟುಕೊಡುವ ಸ್ವಾತಂತ್ರ್ಯ ಇಲ್ಲವೆಂದು 1859ರಲ್ಲೇ ಜಾನ್ ಸ್ಟುವರ್ಟ್ ಮಿಲ್ ವಾದಿಸಿದ್ದ. ನೋಜಿಕ್‌ನ ದಾರಿ ಹಿಡಿದರೆ, ಓದದೆ ‘ಒಪ್ಪಿದೆ’ ಗುಂಡಿ ಒತ್ತಿದವನ ಬದುಕಿನ ವಿವರವೆಲ್ಲ ಕಂಪನಿಗೆ ನ್ಯಾಯವಾಗಿಯೇ ಸೇರಿತು. ರಾಥ್‌ಬಾರ್ಡ್‌ನ ವಾದದ ತರ್ಕ, ಅವನು ಬಯಸಿರದಿದ್ದರೂ, ಈ ಒಪ್ಪಿಗೆಗೂ ಒಂದು ಮೇರೆ ಹಾಕುತ್ತದೆ. ಅದೇ ಸರಿಯಾದ ದಾರಿ. ಹೊಸ ವಿಧಿ ಹೆಸರಿಸಿದ್ದು ಸರ್ಕಾರವನ್ನು ಮಾತ್ರ. ಕಂಪನಿಗಳನ್ನು ಕಟ್ಟಿಹಾಕಲು ಸರ್ಕಾರವೇ ಕೈ ಚಾಚಬೇಕಾಯಿತು: 2024ರಲ್ಲಿ ಆ ರಾಜ್ಯ ಗ್ರಾಹಕರ ಮಾಹಿತಿ ರಕ್ಷಣೆಯ ಕಾಯ್ದೆ ಮಾಡಿತು, ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಹಕ್ಕು ಪ್ರಭುತ್ವ ಕೊಟ್ಟದ್ದೋ, ಪ್ರಭುತ್ವಕ್ಕೂ ಮೊದಲಿನದೋ ಎಂಬ ಪ್ರಶ್ನೆ ಭಾರತದಲ್ಲಿ ಮತ್ತೆ ಎದ್ದದ್ದು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿಯೊಬ್ಬರ ಅರ್ಜಿಯಿಂದ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಸಂಸತ್ತು ಕಾಯ್ದೆ ಮಾಡುವ ಮೊದಲೇ ಜನರ ಬೆರಳಚ್ಚು ಸಂಗ್ರಹ ನಡೆದಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿಹಾಕಿ, ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಮರುವರ್ಷ ಅದೇ ಕೋರ್ಟಿನ ಇನ್ನೊಂದು ತೀರ್ಪಿನಲ್ಲಿ ಆಧಾರ್ ಕಾಯ್ದೆ ಬಹುಮಟ್ಟಿಗೆ ಉಳಿಯಿತು. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನ್ಯೂ ಹ್ಯಾಂಪ್‌ಶೈರ್‌ನ ವಿಧಿಗೆ ತಿರುವುಮುರುವು. ಅಲ್ಲಿ ಸಂವಿಧಾನ ಕಟ್ಟಿಹಾಕಿದ್ದು ಸರ್ಕಾರವನ್ನು. ಇಲ್ಲಿ ಕಾಯ್ದೆಯ 17ನೆಯ ಸೆಕ್ಷನ್, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣ ಕೊಟ್ಟು ತನ್ನದೇ ಸಂಸ್ಥೆಗಳನ್ನು ಕಾಯ್ದೆಯ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದೆ.