ಅದೇ ಮಾತು ಮತ್ತೆ ಮತ್ತೆ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬರುವ ಮುನ್ನ ಒಂದೇ ಪ್ರಕಟಣೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಮೊಳಗುತ್ತದೆ. ಮೊದಲೇ ಬಂದು ಕುಳಿತವರಿಗೆ ಅದು ಕಿರಿಕಿರಿ. ಹಳೇಬೀಡು, ಜಾವಗಲ್ ದಾಟಿ ಬಂದ ಬೇಲೂರು ಬಸ್ಸಿಳಿದು ಏದುಸಿರು ಬಿಡುತ್ತ ಓಡಿ ಬಂದವರಿಗೆ ಅದೇ ಆಸರೆ. ಹಾಗಾದರೆ ಪುನರಾವರ್ತನೆ ಯಾವಾಗ ದುಂದು, ಯಾವಾಗ ಅಗತ್ಯ?

ಈ ಪ್ರಶ್ನೆ ನಮ್ಮ ತಲೆ ಹೊಕ್ಕಿದ್ದು ಬಂಧುಗಳ ಹುಡುಗನೊಬ್ಬನಿಂದ. ರೈತರಿಗೆ ಕೊಬ್ಬರಿ ದರ ತಿಳಿಸುವ ಪುಟ್ಟ ಆ್ಯಪ್ ಮಾಡಿದ್ದ. ಕ್ಲೌಡ್ ಎಂದರೆ ಮೋಡವೇನಲ್ಲ. ಎಲ್ಲೋ ದೂರದ ಕಟ್ಟಡದಲ್ಲಿ ಹಗಲಿರುಳು ವಿದ್ಯುತ್ ಕುಡಿಯುವ ಬಾಡಿಗೆ ಕಂಪ್ಯೂಟರುಗಳು. ಒಳಗೆ ಹೋಗುವ ಮಾಹಿತಿಗೆ ಸಾಮಾನ್ಯವಾಗಿ ಕಾಸಿಲ್ಲ, ಹೊರಬರುವುದಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ಕಾಸು. ತಿಂಗಳ ಬಿಲ್ಲು ನೋಡಿ ಹುಡುಗ ಕಂಗಾಲಾದ. ದರ ಬದಲಾಗುವುದು ಹರಾಜಿನ ದಿನ. ಅವನ ಆ್ಯಪ್ ಮಾತ್ರ ಪ್ರತಿ ಫೋನಿನಿಂದ ನಿಮಿಷಕ್ಕೊಮ್ಮೆ 'ದರ ಎಷ್ಟು?' ಎಂದು ಕೇಳುತ್ತಿತ್ತು. ಪ್ರತಿ ಸಲವೂ ಪೂರ್ತಿ ಪಟ್ಟಿ, ತೆಂಗಿನಕಾಯಿಯ ಚಿತ್ರ ಸಮೇತ, ಹರಿದು ಬರುತ್ತಿತ್ತು.

ಪರಿಹಾರ ಹಳೆಯದೇ. ಒಮ್ಮೆ ಬಂದುದನ್ನು ಫೋನು ತನ್ನಲ್ಲೇ ಇಟ್ಟುಕೊಂಡು, 'ನನ್ನ ಹತ್ತಿರ ಇರುವುದು ಇಂಥದ್ದು, ಬದಲಾಗಿದೆಯೇ?' ಎಂದಷ್ಟೇ ಕೇಳುವುದು. ಬದಲಾಗದಿದ್ದರೆ ಅತ್ತಲಿಂದ ಬರುವುದು 304 ಎಂಬ ಸಂಖ್ಯೆ ಹೊತ್ತ ಚಿಕ್ಕ ಉತ್ತರ. ಹಳೇ ಕಾಗದಗಳ 'ಉಭಯ ಕುಶಲೋಪರಿ' ಇದ್ದ ಹಾಗೆ. ತಂತಿ ಇಲಾಖೆಗೂ ಈ ಜಾಣತನ ಗೊತ್ತಿತ್ತು. 2013ರ ಜುಲೈನಲ್ಲಿ ನಿಂತುಹೋದ ಟೆಲಿಗ್ರಾಂನಲ್ಲಿ ಈದ್, ದೀಪಾವಳಿ, ಮದುವೆಯ ಶುಭಾಶಯಗಳಿಗೆ ಒಂದೊಂದು ನಂಬರಿತ್ತು. ತಂತಿಯಲ್ಲಿ ಸಾಗುತ್ತಿದ್ದುದು ನಂಬರು. ತಲುಪಿದ ಊರಿನಲ್ಲಿ ಅದು ವಾಕ್ಯವಾಗುತ್ತಿತ್ತು.

ಹುಡುಗನ ಬಿಲ್ಲು ಇಳಿಯಿತು. ಜೇಬಿಗೆ ಬಿಸಿ ತಟ್ಟಿದ್ದರಿಂದ ಅವನಿಗೆ ದುಂದು ಕಂಡಿತು. ನಮಗೆ? 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಎಂದರೆ ಹೊಳೆಯ ನೀರು. ಬೆಳಗಾದರೆ ಗುಲಾಬಿ ಹೂವಿನ ಸಲಾಂ, ಒಂದೇ ವಿಡಿಯೋ ನಾಲ್ಕು ಗುಂಪುಗಳಿಂದ. ಹರಿಯುವ ನದಿಯ ದಡದಲ್ಲಿ ವುಜೂ ಮಾಡುವಾಗಲೂ ಇಸ್ರಾಫ್ ಕೂಡದೆಂದು ಚಿಕ್ಕಂದಿನಲ್ಲೇ ಕಲಿತವರು ನಾವು. ನಮ್ಮ ಜೇಬಿಗೆ ತಟ್ಟದಿದ್ದರೆ ದುಂದಲ್ಲ ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಬಿಲ್ಲನ್ನು ಯಾರೋ ತೆರುತ್ತಾರೆ, ಕೆಲವೊಮ್ಮೆ ಹಣದಲ್ಲೂ ಅಲ್ಲ. 2018ರ ಜುಲೈನಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸಾಪಿನಲ್ಲಿ ಹರಿದಾಡಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪು ಯುವಕನೊಬ್ಬನನ್ನು ಬಡಿದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು.

ಆದರೂ ಪುನರಾವರ್ತನೆಯನ್ನೆಲ್ಲ ಕಸವೆನ್ನಲು ನಮಗೆ ಮನಸ್ಸಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯ ತಳದಲ್ಲಿ ಆನೆಗಳ ಸಾಲು ಮುಗಿಯುವುದೇ ಇಲ್ಲ. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ ಗೈಡುಗಳು. ಹೌದೋ ಅಲ್ಲವೋ, ಪ್ರತಿ ಆನೆಯ ಹಿಂದೆ ಉಳಿ ಹಿಡಿದ ಕೈಯೊಂದು ದಣಿದಿದೆ. ಫಾರ್ವರ್ಡಿಗೆ ದಣಿಯುವುದು ಹೆಬ್ಬೆರಳೂ ಅಲ್ಲ. ಕಂಪ್ಯೂಟರುಗಳು ಕೂಡ 'ನಾನಿದ್ದೇನೆ' ಎಂದು ಒಂದಕ್ಕೊಂದು ಆಗಾಗ ಹೇಳಿಕೊಳ್ಳುತ್ತವಂತೆ. ಅದಕ್ಕೆ ಹೃದಯಬಡಿತ ಎಂದೇ ಹೆಸರು. ಅದನ್ನು ಯಾರೂ ಉಳಿತಾಯದ ಪಟ್ಟಿಗೆ ಸೇರಿಸುವುದಿಲ್ಲ.

ಅರಸೀಕೆರೆಯ ನಮ್ಮ ಖಾಲಾ ದಿನವೂ ಫಜರ್ ಮುಗಿಸಿ ಒಂದು ಹೂವು ಕಳಿಸುತ್ತಾರೆ. ನಾವದನ್ನು ತೆರೆದು ನೋಡುವುದೂ ಕಡಿಮೆ. ಒಂದು ಬೆಳಿಗ್ಗೆ ಒಂಬತ್ತಾದರೂ ಬರಲಿಲ್ಲ. ಗಾಬರಿಯಾಗಿ ಫೋನು ಮಾಡಿದೆವು.

"ಚೆನ್ನಾಗಿದ್ದೀನಿ ಬೇಟಾ. ಜಾಗ ಇಲ್ಲ ಅಂತಿದೆ ಈ ಫೋನು. ನೀವೆಲ್ಲ ಕಳಿಸಿದ ಹೂಗಳೇ ತುಂಬ್ಕೊಂಡಿವೆ."