ಲೆಕ್ಕಕ್ಕೆ ಬಾರದ ನೀರು

ಮಗುವಿನ ಪ್ರಥಮ ಪರಮಪ್ರಸಾದದ ದಿನ ನೀವು ಮೊಬೈಲಿನಲ್ಲಿ ತೆಗೆದ ಚಿತ್ರಗಳು ಈಗ ಎಲ್ಲಿವೆ? ಫೋನು ಒಡೆದುಹೋದರೂ ಚಿಂತೆಯಿಲ್ಲ, ಅವು ‘ಕ್ಲೌಡ್’ನಲ್ಲಿವೆ ಎನ್ನುತ್ತೇವೆ. ಕ್ಲೌಡ್ ಎಂದರೆ ಮೋಡ. ಹೆಸರೇನೋ ಹಗುರವಾದದ್ದು. ಆದರೆ ಆ ಚಿತ್ರಗಳು ಆಕಾಶದಲ್ಲಿ ತೇಲುತ್ತಿಲ್ಲ. ಯಾವುದೋ ಊರಿನ ಅಂಚಿನ ವಿಶಾಲ ಕಟ್ಟಡದಲ್ಲಿ, ಹಗಲಿರುಳೂ ನಡೆಯುವ ಸಾವಿರಾರು ಗಣಕಯಂತ್ರಗಳ ನಡುವೆ ಇವೆ. ಡೇಟಾ ಸೆಂಟರ್ ಎಂಬುದು ಅದಕ್ಕೇ. ಆ ಯಂತ್ರಗಳು ಬಳಸುವ ವಿದ್ಯುತ್ತು ಕಟ್ಟಕಡೆಗೆ ಶಾಖವಾಗಿಯೇ ಹೊರಬರುತ್ತದೆ. ಅದನ್ನು ಹೊರಹಾಕದಿದ್ದರೆ ಯಂತ್ರಗಳು ಸ್ತಬ್ಧವಾಗುತ್ತವೆ.

ಬಹುಕಾಲ ಈ ಕೆಲಸಕ್ಕೆ ಗಾಳಿಯೇ ಸಾಕಾಗಿತ್ತು. ಬೀರುವಿನ ಗಾತ್ರದ ಒಂದು ಯಂತ್ರಸಾಲು ಆಗ 5-10 ಕಿಲೋವ್ಯಾಟ್ ವಿದ್ಯುತ್ ಬಳಸುತ್ತಿತ್ತು. ಕೃತಕ ಬುದ್ಧಿಮತ್ತೆಗಾಗಿ ಎನ್‌ವಿಡಿಯಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂತಹುದೇ ಒಂದು ಬೀರು ಸುಮಾರು 120 ಕಿಲೋವ್ಯಾಟ್ ಬಳಸುತ್ತದೆ. ನೂರಕ್ಕೂ ಹೆಚ್ಚು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಬೀರುವಿನಲ್ಲಿಟ್ಟು ಎಡೆಬಿಡದೆ ಕಾಯಿಸಿದಂತೆ ಇದು. ಒಂದೇ ಪ್ರಮಾಣದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ಆದುದರಿಂದ ಈಗ ಚಿಪ್ಪಿನ ಮೇಲೆಯೇ ಲೋಹದ ತಟ್ಟೆಯನ್ನಿಟ್ಟು, ಅದರೊಳಗಿನ ಸೂಕ್ಷ್ಮ ನಾಳಗಳಲ್ಲಿ ದ್ರವವನ್ನು ಹರಿಸುತ್ತಾರೆ. ಕೆಲವೆಡೆ ಯಂತ್ರವನ್ನೇ ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಿಡುವುದೂ ಉಂಟು. 1985ರ ಕ್ರೇ-2 ಎಂಬ ಮಹಾಗಣಕವೂ ಹೀಗೆಯೇ ಮುಳುಗಿಕೊಂಡು ಕೆಲಸ ಮಾಡುತ್ತಿತ್ತು!

ಗಾಳಿಯಿಂದ ತಣಿಸಿದರೂ ದ್ರವದಿಂದ ತಣಿಸಿದರೂ, ಒಳಗಿನಿಂದ ತೆಗೆದ ಶಾಖವನ್ನು ಹೊರಗೆಲ್ಲಾದರೂ ಬಿಡಲೇಬೇಕು. ಅದಕ್ಕೆ ಸುಲಭದ ಉಪಾಯ ನಮ್ಮ ಅಜ್ಜಿಯರ ಮಣ್ಣಿನ ಹೂಜಿಯದು. ಸ್ವಲ್ಪ ನೀರು ಆವಿಯಾಗಿ ಹೋಗುತ್ತಾ ಉಳಿದ ನೀರನ್ನು ತಣಿಸುತ್ತದೆ. ಹೂಜಿಯಿಂದ ಹೋಗುವುದು ಬೊಗಸೆಯಷ್ಟು. ಡೇಟಾ ಸೆಂಟರಿನಿಂದ ಹೋಗುವುದು ಎಷ್ಟು?

ಇದನ್ನೇ ಕೇಳಿದ ಒಂದು ಊರಿದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲಿರುವ ದ ಡ್ಯಾಲ್ಸ್ ಎಂಬ ಸುಮಾರು 16,000 ಜನರ ಪಟ್ಟಣ. ಗೂಗಲ್ ಸಂಸ್ಥೆ 2006ರಿಂದ ಅಲ್ಲಿ ಡೇಟಾ ಸೆಂಟರ್ ನಡೆಸುತ್ತಿದೆ. ಅದು ಬಳಸುವ ನೀರೆಷ್ಟೆಂದು 2021ರಲ್ಲಿ ‘ದಿ ಆರೆಗೋನಿಯನ್’ ಪತ್ರಿಕೆ ಕೇಳಿದಾಗ, ಅದು ವ್ಯಾಪಾರದ ಗುಟ್ಟು ಎಂದು ನಗರಾಡಳಿತ ನಿರಾಕರಿಸಿತು. ತಿಳಿಸಲೇಬೇಕೆಂದು ಜಿಲ್ಲೆಯ ಸರ್ಕಾರಿ ವಕೀಲರು ತೀರ್ಮಾನಿಸಿದರು. ಆಗ ನಗರಾಡಳಿತ ಪತ್ರಿಕೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ಹಿಂದೆ ಸರಿದು ಲೆಕ್ಕವನ್ನು ಬಿಟ್ಟುಕೊಟ್ಟಿತು. 2021ರಲ್ಲಿ ಬಳಕೆಯಾದದ್ದು 35.5 ಕೋಟಿ ಗ್ಯಾಲನ್, ಅಂದರೆ ಸುಮಾರು 134 ಕೋಟಿ ಲೀಟರ್. ಇಡೀ ಪಟ್ಟಣ ಬಳಸಿದ ನೀರಿನ ಕಾಲು ಭಾಗಕ್ಕೂ ಹೆಚ್ಚು.

ಸಂಸ್ಥೆ ನೀರನ್ನು ಕದ್ದಿಲ್ಲ ಎಂಬುದನ್ನು ನಾವು ಒಪ್ಪಬೇಕು. ಪಟ್ಟಣಕ್ಕೆ ಅದರಿಂದ ಕೆಲಸ ಬಂತು, ಆದಾಯ ಬಂತು. ವಿಸ್ತರಣೆಗಾಗಿ ನೀರಿನ ವ್ಯವಸ್ಥೆಗೆ 2.85 ಕೋಟಿ ಡಾಲರ್ ವೆಚ್ಚಮಾಡಲೂ ಅದು ಒಪ್ಪಿತು. ಬೆಲೆ ಕೊಟ್ಟು ಪಡೆದದ್ದಕ್ಕೆ ಲೆಕ್ಕವನ್ನೇಕೆ ಒಪ್ಪಿಸಬೇಕು? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ನಮ್ಮ ಹಿರಿಯರ ಊರಬಾವಿಯನ್ನು ನೆನೆಯಿರಿ. ಯಾರು ಎಷ್ಟು ಕೊಡ ಸೇದುತ್ತಾರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮದುವೆಯ ಮನೆಯವರು ಐವತ್ತು ಕೊಡ ಹೆಚ್ಚಾಗಿ ಸೇದಿದರೂ ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ. ಬಾವಿ ಬತ್ತಿದರೆ ಎಲ್ಲರಿಗೂ ಬತ್ತುತ್ತದೆ. ಆದುದರಿಂದ ಸೇದುವವನ ಲೆಕ್ಕ ಅವನೊಬ್ಬನ ಗುಟ್ಟಾಗಲಾರದು.

ಬೆಲೆ ಕೊಟ್ಟಮಾತ್ರಕ್ಕೆ ಲೆಕ್ಕ ತೀರುವುದಿಲ್ಲವೆಂಬುದನ್ನು ಆ ನದಿಯ ದಂಡೆ ಹಿಂದೆಯೂ ಕಂಡಿದೆ. ಗೂಗಲ್ ಅಲ್ಲಿಗೆ ಬರಲು ಅಗ್ಗದ ಜಲವಿದ್ಯುತ್ತೂ ಒಂದು ಕಾರಣ. ಪಟ್ಟಣದ ಬಳಿಯ ಅಣೆಕಟ್ಟಿನ ಬಾಗಿಲುಗಳನ್ನು 1957ರ ಮಾರ್ಚ್ 10ರಂದು ಮುಚ್ಚಿದಾಗ, ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಸಿಲೈಲೋ ಜಲಪಾತ ಕೆಲವೇ ಗಂಟೆಗಳಲ್ಲಿ ಮುಳುಗಿಹೋಯಿತು. ಪರಿಹಾರದ ಹಣವನ್ನು ಕೊಡಲಾಯಿತು. ಜಲಪಾತ ಮಾತ್ರ ಇಂದಿಗೂ ನೀರಿನಡಿಯಲ್ಲೇ ಇದೆ.

ಈಗಿನ ಪರಿಹಾರವೆಂದು ಹೇಳಲಾಗುತ್ತಿರುವುದು ಮುಚ್ಚಿದ ಸುತ್ತಿನ ದ್ರವ ವ್ಯವಸ್ಥೆ. ಕಾರಿನ ರೇಡಿಯೇಟರಿನಲ್ಲಿರುವಂತೆ, ಒಮ್ಮೆ ತುಂಬಿದ ನೀರೇ ಚಿಪ್ಪಿಗೂ ಹೊರಗಿನ ತಂಪುಯಂತ್ರಕ್ಕೂ ನಡುವೆ ಸುತ್ತುತ್ತಿರುತ್ತದೆ, ಆವಿಯಾಗುವುದಿಲ್ಲ. ಮೈಕ್ರೋಸಾಫ್ಟ್ 2024ರ ಆಗಸ್ಟ್‌ನಿಂದ ತನ್ನ ಹೊಸ ಕೇಂದ್ರಗಳನ್ನು ಈ ರೀತಿಯಲ್ಲೇ ವಿನ್ಯಾಸಗೊಳಿಸುತ್ತಿರುವುದಾಗಿ ಹೇಳಿದೆ. ಪ್ರತಿ ಕೇಂದ್ರದಲ್ಲಿ ವರ್ಷಕ್ಕೆ 12.5 ಕೋಟಿ ಲೀಟರಿಗೂ ಹೆಚ್ಚು ನೀರು ಉಳಿಯುವುದೆಂದು ಅದರ ಅಂದಾಜು. ಸಂತೋಷದ ಸಂಗತಿಯೇ ಸರಿ. ಆದರೆ ಆವಿಯ ನೆರವಿಲ್ಲದೆ ತಣಿಸಲು ಸಾಮಾನ್ಯವಾಗಿ ಹೆಚ್ಚು ವಿದ್ಯುತ್ತು ಬೇಕು. ಅದು ಕಲ್ಲಿದ್ದಲಿನಿಂದಲೋ ಅಣುಶಕ್ತಿಯಿಂದಲೋ ಬರುವುದಾದರೆ, ಬಹಳಷ್ಟು ಅಂತಹ ಸ್ಥಾವರಗಳ ಗೋಪುರಗಳಲ್ಲಿಯೂ ನೀರು ಆವಿಯಾಗುತ್ತಲೇ ಇರುತ್ತದೆ. ಪಕ್ಕದ ಮನೆಯವನ ಕೊಡವನ್ನು ನಾವು ಮುಟ್ಟಲಿಲ್ಲ, ನಿಜ. ನಮ್ಮ ಕಣ್ಣಿಗೆ ಬೀಳದ ಇನ್ನೊಬ್ಬನ ಕೊಡಕ್ಕೆ ಕೈಯಿಟ್ಟೆವೇ ಎಂದು ನೋಡಿಕೊಳ್ಳಬೇಡವೇ?

ಡೆನ್ಮಾರ್ಕಿನ ಒಡೆನ್ಸೆ ನಗರದಲ್ಲಿ ಮೆಟಾ ಸಂಸ್ಥೆಯ ಕೇಂದ್ರದ ಶಾಖವನ್ನು ಕೊಳವೆಗಳ ಮೂಲಕ ಸಾಗಿಸಿ ಜನರ ಮನೆಗಳನ್ನು ಬೆಚ್ಚಗಿಡುತ್ತಾರೆ. ನೆರೆಯವರಿಗೆ ಹೊರೆಯಾಗಬಹುದಾಗಿದ್ದದ್ದು ಅಲ್ಲಿ ಉಪಕಾರವಾಯಿತು. (ಸೆಕೆಯಲ್ಲಿ ಬೇಯುವ ನಮಗೆ ಈ ಉಪಕಾರ ಬೇಡ ಬಿಡಿ.)

ಚಿತ್ರಗಳನ್ನೆಲ್ಲ ಅಳಿಸಿಹಾಕಿ ಎನ್ನುವುದು ನನ್ನ ಮಾತಲ್ಲ. ಒಂದು ಚಿತ್ರದ ಪಾಲು ಹನಿಯಷ್ಟೂ ಇರಲಾರದು. ದ ಡ್ಯಾಲ್ಸ್‌ನ ಜನ ಕೇಳಿದ್ದೂ ಕೇಂದ್ರವನ್ನು ಮುಚ್ಚಿ ಎಂದಲ್ಲ, ಎಷ್ಟೆಂದು ತಿಳಿಸಿ ಎಂದು. ಗೂಗಲ್ 2022ರಿಂದ ತನ್ನ ಕೇಂದ್ರಗಳ ನೀರಿನ ಬಳಕೆಯನ್ನು ಊರುವಾರು ಪಟ್ಟಿ ಮಾಡಿ ಪ್ರಕಟಿಸತೊಡಗಿತು. ತಮ್ಮ ಊರಿನ ಹೆಸರಿನ ಮುಂದಿರುವ ಅಂಕಿಯನ್ನು ಅವರು ಅದರಲ್ಲಿ ಓದಬಹುದು. ವಿದ್ಯುತ್ತಿಗಾಗಿ ಬೇರೆಡೆ ಆವಿಯಾದ ನೀರಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ.