ಬಂಗಾರದ ಅಳತೆ, ಆಸೆಯ ಅಳತೆ
(ಪರಿಗ್ರಹ ಪರಿಮಾಣ ವ್ರತದ ವಿಚಾರ)



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ಧರ್ಮವು ಉತ್ತಮ ಆಕಿಂಚನ್ಯ. ಪರವಸ್ತುವಿನಲ್ಲಿ ನನ್ನದೆಂಬುದು ಕಿಂಚಿತ್ತೂ ಇಲ್ಲವೆಂಬ ಭಾವವೇ ಆಕಿಂಚನ್ಯ. ಮೂಡಬಿದಿರೆ, ವೇಣೂರು, ಬಂಟ್ವಾಳಗಳ ಬಸದಿಗಳಲ್ಲಿ ಪರ್ವದ ದಿನಗಳಲ್ಲಿ ಅಭಿಷೇಕ ಪೂಜಾದಿಗಳು ಸಾಂಗವಾಗಿ ನೆರವೇರುತ್ತವೆ. ಕೆಲವರು ಏಕಭುಕ್ತದಲ್ಲಿರುತ್ತಾರೆ, ಕೆಲವರು ಪೂರ್ಣ ಉಪವಾಸವನ್ನೇ ಕೈಗೊಳ್ಳುತ್ತಾರೆ. ಹೊಟ್ಟೆಯನ್ನು ಬರಿದು ಮಾಡುವುದು ಕಷ್ಟವಾದರೂ ಸಾಧ್ಯ. ಪೆಟ್ಟಿಗೆಗೆ ಮಿತಿ ಹಾಕುವುದು ಅದಕ್ಕಿಂತಲೂ ಕಷ್ಟ. ಆ ಕಷ್ಟವನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ.

ದೃಷ್ಟಾಂತಕ್ಕಾಗಿ ಬೆಳ್ತಂಗಡಿ ಸೀಮೆಯ ಒಂದು ಶ್ರಾವಕ ಮನೆಯನ್ನು ಕಲ್ಪಿಸಿಕೊಳ್ಳೋಣ. 1985ರಲ್ಲಿ ಗಂಡ ಹೆಂಡಿರು ಗುರುಸಾಕ್ಷಿಯಾಗಿ ಅಣುವ್ರತಗಳನ್ನು ಸ್ವೀಕರಿಸಿದರು. ಪರಿಗ್ರಹ ಪರಿಮಾಣದ ವೇಳೆಗೆ ಗೃಹಿಣಿಯು, ‘ಇಪ್ಪತ್ತು ಪವನಿಗಿಂತ ಹೆಚ್ಚು ಬಂಗಾರ ಬೇಡ’ ಎಂದಳು. ಯಜಮಾನನು, ‘ಬಂಗಾರ ಬೆಳ್ಳಿಗಳೆಲ್ಲ ಸೇರಿ ಐವತ್ತು ಸಾವಿರ ರೂಪಾಯಿಯ ಮಿತಿ’ ಎಂದನು. ಆಗ 10 ಗ್ರಾಂ ಬಂಗಾರದ ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 2025ರಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಪೆಟ್ಟಿಗೆಯಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚಾಗಲಿಲ್ಲ. ಆದರೂ ಯಜಮಾನನ ಮಿತಿ ಮೀರಿಹೋಯಿತು. ಅಷ್ಟರಲ್ಲಿ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಇನ್ನೂ ಮೂವತ್ತು ಪವನು ಕೊಳ್ಳಬೇಕೆಂದು ಮನೆಯವರ ಅಭಿಪ್ರಾಯ. ‘ಅಜ್ಜಿಯ ವ್ರತಕ್ಕೆ ಭಂಗ ಬಾರದಂತೆ ಮೊಮ್ಮಗಳ ಹೆಸರಿನಲ್ಲಿ ಕೊಂಡರಾಯಿತು’ ಎಂದು ಒಬ್ಬರು ಉಪಾಯವನ್ನೂ ಹೇಳಿದರು. ವ್ರತವು ಉಳಿಯಿತೇ, ಅಳಿಯಿತೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮೂರ್ಛೆ, ಎಂದರೆ ಮಮತ್ವವೆಂದು ಹೇಳಿದ್ದಾರೆ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಾದಿಗಳಲ್ಲಿ ತಾನು ಮಾಡಿಕೊಂಡ ಪ್ರಮಾಣವನ್ನು ಮೀರುವುದನ್ನು ವ್ರತದ ಅತಿಚಾರವೆಂದು ಎಣಿಸಿದ್ದಾರೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ ಎಂಬ ಐದು ಅತಿಚಾರಗಳನ್ನು ಹೇಳುತ್ತಾರೆ. ಇವುಗಳಲ್ಲಿ ಅತಿಸಂಗ್ರಹವೆಂದರೆ ಮುಂದೆ ಲಾಭ ಬರುವುದೆಂದು ಕೂಡಿಹಾಕುವುದು. ವಿಸ್ಮಯವೆಂದರೆ ಪರರ ಲಾಭವನ್ನು ಕಂಡು ಬೆರಗಾಗಿ, ‘ಅಯ್ಯೋ, ನಾನು ಮಾರಿ ಕೆಟ್ಟೆ’ ಎಂದು ಕೊರಗುವುದು. ಬೆಲೆ ಏರಿದ್ದು ಯಜಮಾನನ ದೋಷವಲ್ಲ. ಆದರೆ ಪ್ರತಿದಿನ ಬೆಳಗ್ಗೆ ಪತ್ರಿಕೆಯಲ್ಲಿ ಬಂಗಾರದ ದರವನ್ನು ಹುಡುಕಿ ಓದಿ ಅವನ ಮನಸ್ಸು ಹಿಗ್ಗಿದರೆ, ಆ ಹಿಗ್ಗೇ ಮೂರ್ಛೆ. ರೂಪಾಯಿಯು ಸ್ಥಿರವಾದ ಅಳತೆಯಲ್ಲ. ಆದುದರಿಂದ ಬಂಗಾರಕ್ಕೆ ತೂಕದ ಮಿತಿಯೇ ಯೋಗ್ಯ. ರೂಪಾಯಿಯಲ್ಲಿ ಮಿತಿ ಮಾಡಿಕೊಂಡವನು ಅಂದು ತನ್ನಲ್ಲಿದ್ದ ತೂಕವನ್ನು ಮೀರದಂತೆ ಗುರುಸಮ್ಮುಖದಲ್ಲಿ ಸಂಕಲ್ಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ.

ಇನ್ನು ಹೆಸರು ಬದಲಿಸುವ ಉಪಾಯ. ಮೊಮ್ಮಗಳಿಗೆ ನಿಜವಾಗಿ ಕೊಟ್ಟು ಅದರ ಮೇಲಿನ ಅಧಿಕಾರವನ್ನು ಬಿಟ್ಟರೆ ಅದು ತ್ಯಾಗ. ಹೆಸರು ಮೊಮ್ಮಗಳದು, ಕಪಾಟಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ ಎಂದಾದರೆ ಅದು ವ್ರತಕ್ಕೆ ಮಾಡಿದ ವಂಚನೆ. ಕಾಗದವನ್ನು ನಂಬಿಸಬಹುದು, ಕರ್ಮಬಂಧವನ್ನು ನಂಬಿಸಲಾಗದು.

ಇಷ್ಟಕ್ಕೇ ವಿಚಾರ ಮುಗಿಯುವುದಿಲ್ಲ. ಆ ಮೂವತ್ತು ಪವನು ಎಲ್ಲಿಂದ ಬರುತ್ತದೆ? ಮೂವತ್ತು ಪವನೆಂದರೆ 240 ಗ್ರಾಂ. ಒಂದು ಟನ್ ಅದಿರಿನಲ್ಲಿ ಮೂರು ಗ್ರಾಂ ಬಂಗಾರ ದೊರೆಯುತ್ತದೆಂದು ಇಟ್ಟುಕೊಂಡರೂ ಎಂಬತ್ತು ಟನ್ ಕಲ್ಲನ್ನು ಒಡೆದು ಪುಡಿ ಮಾಡಬೇಕು. ಟನ್ನಿಗೆ ಒಂದೇ ಗ್ರಾಂ ದೊರೆಯುವ ಗಣಿಗಳೂ ಲೋಕದಲ್ಲಿ ಅನೇಕ ಇವೆ. ಅಲ್ಲಿ 240 ಟನ್ ಬೇಕು. ಒಂದು ಮದುವೆಯ ಚಪ್ಪರದ ಹಿಂದೆ ಒಂದು ಗುಡ್ಡದ ಪಾಲು ಇದೆಯೆಂದರೆ ಉತ್ಪ್ರೇಕ್ಷೆಯಲ್ಲ.

ನಮ್ಮ ನಾಡಿನ ಕೋಲಾರದ ಗಣಿಗಳೇ ಇದಕ್ಕೆ ಸಾಕ್ಷಿ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಅಲ್ಲಿ ಕೆಲಸವನ್ನು ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯೇ ಬೆಂಕಿಯಂತೆ ಕಾದಿರುತ್ತಿತ್ತು. ಒತ್ತಡ ತಾಳಲಾರದೆ ಬಂಡೆ ಸಿಡಿದು ಕೆಲಸಗಾರರು ಸತ್ತದ್ದುಂಟು. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ರೋಗದಿಂದ ನವೆದವರು ಬಹಳ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಲಾಯಿತು. ಬಂಗಾರವು ಊರೂರಿನ ಕೊರಳುಗಳಿಗೆ ಹೋಯಿತು. ಸೈನೈಡ್ ಬೆರೆಸಿ ಬಂಗಾರ ತೆಗೆದು ಉಳಿದ ಮಣ್ಣಿನ ದಿಬ್ಬಗಳು ಮಾತ್ರ ಅಲ್ಲಿಯೇ ನಿಂತವು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿದೆ. ಆದರೆ ಭಾರತವು ತೆಗೆಯುವ ಬಂಗಾರ ವರ್ಷಕ್ಕೆ ಒಂದೆರಡು ಟನ್. ತರಿಸಿಕೊಳ್ಳುವುದು ನೂರಾರು ಟನ್. ಚೀನಾ, ರಷ್ಯಾ, ಆಸ್ಟ್ರೇಲಿಯಾ, ಕೆನಡಾ, ಘಾನಾ, ಪೆರು ಮುಂತಾದ ದೇಶಗಳ ಗಣಿಗಳಿಂದ ಲೋಕದಲ್ಲಿ ವರ್ಷಕ್ಕೆ ಸುಮಾರು 3,600 ಟನ್ ಬಂಗಾರ ಹೊರಬರುತ್ತದೆ. ಮನುಷ್ಯನು ಇದುವರೆಗೆ ತೆಗೆದದ್ದೆಲ್ಲ ಸೇರಿ ಎರಡು ಲಕ್ಷ ಟನ್ನಿಗೆ ಮೇಲಾಗಿದೆ. ಬಡ ದೇಶಗಳ ಸಣ್ಣ ಗಣಿಗಳಲ್ಲಿ ಪಾದರಸ ಬೆರೆಸಿ ಬಂಗಾರವನ್ನು ಬೇರ್ಪಡಿಸುತ್ತಾರೆ. ಅದು ಹೊಳೆಯನ್ನು, ಮೀನನ್ನು, ಮೀನು ತಿನ್ನುವವರನ್ನು ವಿಷಮಯಗೊಳಿಸುತ್ತದೆ. ಇದನ್ನು ತಡೆಯಲೆಂದು 2013ರಲ್ಲಿ ಮಿನಮಾಟಾ ಒಪ್ಪಂದವೇ ಆಯಿತು.

ಮೂಲಾಚಾರದಲ್ಲಿ ಪೃಥ್ವಿಕಾಯದ ಮೂವತ್ತಾರು ಭೇದಗಳನ್ನು ಹೇಳುವಾಗ ಮಣ್ಣು, ಮರಳು, ಶಿಲೆಗಳೊಡನೆ ಸುವರ್ಣವನ್ನೂ ಎಣಿಸಿದ್ದಾರೆ. ಗೃಹಸ್ಥನು ಸ್ಥಾವರಹಿಂಸೆಯನ್ನು ಸರ್ವಥಾ ಬಿಡಲಾರನು. ಆದರೆ ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರನ್ನು ಕೆಡಿಸುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರರು ಎಚ್ಚರಿಸಿದ್ದಾರೆ. ‘ನಾನು ಅಗೆಯಲಿಲ್ಲ, ಅಂಗಡಿಯಲ್ಲಿ ಕೊಂಡೆ’ ಎನ್ನಬಹುದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಬಲ್ಲ ಶ್ರಾವಕನು ಹಾಗೆನ್ನಲು ಹಿಂಜರಿಯಬೇಕು. ಗೃಹಸ್ಥನಿಗೆ ಬಂಗಾರವೇ ನಿಷಿದ್ಧವಲ್ಲ. ಅವಶ್ಯಕತೆ ಯಾವುದು, ನಾಲ್ಕು ಜನರ ಕಣ್ಣಿಗಾಗಿ ಯಾವುದು ಎಂಬ ವಿವೇಕ ಅವನಿಗಿರಬೇಕು.

ಹಾಗಾದರೆ ಆ ಮನೆಯವರು ಮಾಡಬೇಕಾದುದೇನು? ಅಜ್ಜಿಯು ತನ್ನ ಇಪ್ಪತ್ತು ಪವನಿನಲ್ಲಿ ಹತ್ತನ್ನು ಮೊಮ್ಮಗಳಿಗೆ ಕೊಡಲಿ. ಅಕ್ಕಸಾಲಿಯು ಅದನ್ನೇ ಕರಗಿಸಿ ಹೊಸ ಒಡವೆ ಮಾಡಲಿ. ಅದಕ್ಕಾಗಿ ಹೊಸದಾಗಿ ಒಂದು ಕಲ್ಲೂ ಒಡೆಯಬೇಕಾಗಿಲ್ಲ. ಅಜ್ಜಿಯ ಮಿತಿಯು ಅಂದಿನಿಂದ ಹತ್ತಕ್ಕೆ ಇಳಿಯಲಿ. ‘ಬೀಗರ ಮುಂದೆ ನಮ್ಮ ಮರ್ಯಾದೆ ಏನಾಗಬೇಕಜ್ಜಿ?’ ಎಂದು ಮೊಮ್ಮಗಳು ಕಣ್ಣೀರಿಟ್ಟಾಳು. ಆ ನೋವು ಸಣ್ಣದಲ್ಲ. ‘ಮಗಾ, ನಿನಗೆ ಕೊಟ್ಟದ್ದು ನಾನು ನಲವತ್ತು ವರ್ಷ ವ್ರತದೊಡನೆ ಧರಿಸಿದ ಬಂಗಾರ. ಇದಕ್ಕಿಂತ ತೂಕದ್ದು ನನ್ನಲ್ಲಿಲ್ಲ’ ಎಂದು ಅಜ್ಜಿ ಹೇಳುವಂತಾದರೆ ಆ ಮನೆಯಲ್ಲಿ ವ್ರತವು ಮುಂದಿನ ತಲೆಮಾರಿಗೆ ಇಳಿಯಿತೆಂದೇ ತಿಳಿಯಬೇಕು. ಉಳಿದ ಹಣದಲ್ಲಿ ಒಂದಂಶವಾದರೂ ಆಹಾರ, ಔಷಧ, ಶಾಸ್ತ್ರ, ಅಭಯದಾನಗಳಿಗೆ ಸಲ್ಲಲಿ. ನೋಂಪಿಯ ಉದ್ಯಾಪನೆಗೂ ಇದೇ ಮಾತು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರತ್ನದ ಬಿಂಬಗಳಿವೆಯೆಂದು ಲೋಕವೇ ಬಲ್ಲದು. ಆದರೆ ದೂರದೇಶದ ವಿದ್ವಾಂಸರನ್ನು ಅಲ್ಲಿಗೆ ಸೆಳೆದದ್ದು ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು. ನಮ್ಮ ಹಿರಿಯರು ಯಾವುದನ್ನು ನಿಜವಾದ ಭಂಡಾರವೆಂದು ಕಾಪಾಡಿದರೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಜೀವ ಕರ್ಮಗಳ ಅನಾದಿ ಸಂಬಂಧಕ್ಕೆ ಆಚಾರ್ಯರು ಕನಕೋಪಲದ, ಎಂದರೆ ಬಂಗಾರದ ಅದಿರಿನ ಉಪಮೆಯನ್ನು ಕೊಟ್ಟಿದ್ದಾರೆ. ಅದಿರಿನಲ್ಲಿ ಕಿಟ್ಟವೂ ಬಂಗಾರವೂ ಕೂಡಿಯೇ ಇರುವಂತೆ ಆತ್ಮನೊಡನೆ ಕರ್ಮಮಲವಿದೆ. ಉಪವಾಸವು ಅದನ್ನು ಬೇರ್ಪಡಿಸುವ ಅಗ್ನಿ. ಆ ಗಣಿಯನ್ನು ಅಗೆಯುವುದರಿಂದ ಯಾವ ಜೀವಕ್ಕೂ ಬಾಧೆಯಿಲ್ಲ. ಬರುವ ಆಕಿಂಚನ್ಯದ ದಿನ ಉಪವಾಸದ ಸಂಕಲ್ಪ ಮಾಡುವವರು ಒಮ್ಮೆ ಪೆಟ್ಟಿಗೆಯನ್ನು ತೆರೆದು ತೂಗಿ, ಮಿತಿಯನ್ನು ಬರೆದಿಟ್ಟು, ಬಳಿಕ ಬಸದಿಯ ಮೆಟ್ಟಿಲೇರಲಿ.

ಸರ್ವರಿಗೂ ಧರ್ಮಲಾಭವಾಗಲಿ.